ಸತ್ಯಾಣುವ್ರತವೂ ಜನಗಣತಿಯ ಅಂಕಿಗಳೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಗೃಹಸ್ಥನ ವ್ರತಗಳಿಗೆ ಒದಗಬಹುದಾದ ಅತಿಚಾರಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಹುಟ್ಟಿಸುವುದು, ಒಂದು. ಆದರೆ ಅಳತೆ ತೂಕಗಳಲ್ಲಿ ಮಾಡುವ ವಂಚನೆಯನ್ನು, ಹೀನಾಧಿಕಮಾನೋನ್ಮಾನವನ್ನು, ಅವರು ಸತ್ಯವ್ರತದ ಕೆಳಗೆ ಇರಿಸದೆ ಅಚೌರ್ಯವ್ರತದ ಕೆಳಗೆ ಇರಿಸಿದ್ದಾರೆ. ಈ ವಿಂಗಡಣೆಯಲ್ಲಿ ಸೂಕ್ಷ್ಮವಾದ ಅರ್ಥವಿದೆ. ಕೊಳ್ಳುವಾಗ ದೊಡ್ಡ ಸೇರನ್ನೂ ಮಾರುವಾಗ ಚಿಕ್ಕ ಸೇರನ್ನೂ ಬಳಸುವ ವರ್ತಕನು ಬಾಯಿಂದ ಒಂದು ಅಸತ್ಯವನ್ನೂ ನುಡಿಯದೆ ಇರಬಹುದು. ಎರಡು ಸೇರುಗಳೂ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆಯೇ ಇರಬಹುದು. ಆದರೂ ಎದುರಿಗೆ ನಿಂತವನ ಪದಾರ್ಥ ಅವನಿಗೆ ತಿಳಿಯದಂತೆ ಕೈ ಬದಲಾಯಿಸಿರುತ್ತದೆ. ಆದುದರಿಂದಲೇ ಅದು ಬರಿಯ ಸುಳ್ಳಲ್ಲ, ಕಳವು.

ಆಧುನಿಕ ರಾಜ್ಯದಲ್ಲಿ ಈ ಸೇರು ಕೊಳಗಗಳ ಸ್ಥಾನವನ್ನು ಬಹುಮಟ್ಟಿಗೆ ಸರ್ಕಾರಿ ಅಂಕಿ-ಅಂಶಗಳು ಪಡೆದಿವೆ. ಶಾಲೆ ಎಲ್ಲಿ ಬೇಕು, ಅನುದಾನ ಯಾರಿಗೆ ಸಲ್ಲಬೇಕು, ಯಾವ ಸಮುದಾಯ ಅಲ್ಪಸಂಖ್ಯಾತ, ಎಲ್ಲಿ ಹಸಿವು ಹೆಚ್ಚಿದೆ ಎಂಬುದೆಲ್ಲ ಇವುಗಳಿಂದ ಅಳೆಯಲ್ಪಡುತ್ತದೆ. ಸಾರ್ವಜನಿಕ ವಾದದಲ್ಲಿ ಅಂಕಿಯನ್ನು ಮುಂದಿಟ್ಟವನ ಮಾತು ಗೆಲ್ಲುತ್ತದೆ. ಅಂಕಿ ಇಲ್ಲದವನು ತನ್ನ ಅನುಭವವನ್ನು ಎಷ್ಟು ಹೇಳಿದರೂ ಅದು ಅಹವಾಲು ಮಾತ್ರ ಆಗುತ್ತದೆ. ಹೀಗಿರುವಾಗ ಅಂಕಿಯನ್ನು ಬಳಸುವವನ ಶೀಲ ಯಾವುದು, ಅವನು ಯಾವ ವ್ರತಕ್ಕೆ ಬದ್ಧನು ಎಂಬ ಪ್ರಶ್ನೆ ಶ್ರಾವಕನಿಗೆ ಹೊರಗಿನದಲ್ಲ. ಅದರಲ್ಲೂ ಜೈನ ಸಮಾಜದ ಎದುರಿಗೆ ಈ ಪ್ರಶ್ನೆಯನ್ನು ತಂದು ನಿಲ್ಲಿಸಿದ ಸರ್ಕಾರಿ ದಾಖಲೆಯೊಂದು ಇದೆ. ಅದು 2001ರ ಜನಗಣತಿಯ ಧರ್ಮವಾರು ವರದಿ. 2004ರ ಸೆಪ್ಟೆಂಬರ್ ತಿಂಗಳಲ್ಲಿ ಅದು ಹೊರಬಂದಿತು.

ಆ ವರದಿ ಬಂದ ದಿನ ಪತ್ರಿಕೆಗಳ ಗಮನ ಸೆಳೆದುದು ಜೈನರ ಅಂಕಿಗಳಲ್ಲ. ದೇಶದ ಮುಸಲ್ಮಾನರ ಸಂಖ್ಯೆ ಹತ್ತು ವರ್ಷಗಳಲ್ಲಿ ಶೇಕಡಾ 36ರಷ್ಟು ಬೆಳೆದಿದೆ ಎಂಬ ಅಂಕಿಯೇ ಎಲ್ಲೆಡೆ ಸುದ್ದಿಯಾಯಿತು. ವೇದಿಕೆಗಳಲ್ಲಿ ಆತಂಕದ ಭಾಷಣಗಳಾದವು. ಆದರೆ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಅಲ್ಲಿಯ ಪರಿಸ್ಥಿತಿಯ ಕಾರಣದಿಂದ ಗಣತಿಯೇ ನಡೆದಿರಲಿಲ್ಲ. 2001ರಲ್ಲಿ ನಡೆಯಿತು. ಅಲ್ಲಿಯ ಸುಮಾರು 68 ಲಕ್ಷ ಮುಸಲ್ಮಾನರು ಹಿಂದಿನ ಮೊತ್ತದಲ್ಲಿ ಇಲ್ಲದೆ ಮುಂದಿನ ಮೊತ್ತದಲ್ಲಿ ಸೇರಿದ್ದರು. ಈ ವ್ಯತ್ಯಾಸವನ್ನು ಸರಿಪಡಿಸಿದಾಗ ಬೆಳವಣಿಗೆಯ ದರ ಶೇಕಡಾ 29ರ ಸುಮಾರಿಗೆ ಇಳಿಯಿತು. ಅದು ಅದಕ್ಕೆ ಹಿಂದಿನ ದಶಕದ ದರಕ್ಕಿಂತ ಕಡಿಮೆ. ಗಣತಿ ಇಲಾಖೆಯೇ ಒಂದೆರಡು ದಿನಗಳಲ್ಲಿ ಸರಿಪಡಿಸಿದ ದರವನ್ನು ಪ್ರಕಟಿಸಿತು. ಅಷ್ಟರಲ್ಲಿ ಮೊದಲಿನ ಅಂಕಿ ಊರೂರು ತಲುಪಿತ್ತು. ತಿದ್ದುಪಡಿ ಅಷ್ಟು ವೇಗವಾಗಿ ನಡೆಯುವ ಜಾತಿಯದಲ್ಲ.

ಇಲ್ಲಿ ಯಾರೂ ಸುಳ್ಳು ಸಂಖ್ಯೆಯನ್ನು ಬರೆದಿರಲಿಲ್ಲ ಎಂಬುದನ್ನು ಗಮನಿಸಬೇಕು. 1991ರ ಮೊತ್ತ ನಿಜ, 2001ರ ಮೊತ್ತವೂ ನಿಜ, ಭಾಗಾಕಾರದಲ್ಲಿಯೂ ತಪ್ಪಿಲ್ಲ. ಕೂಟಲೇಖದ ದೋಷ ಇಲ್ಲಿ ಹೊಂದುವುದಿಲ್ಲ. ಹೊಂದುವುದು ಎರಡು ಸೇರುಗಳ ದೋಷ: ಒಂದು ಪ್ರದೇಶವನ್ನು ಬಿಟ್ಟು ಅಳೆದ ರಾಶಿಯನ್ನು, ಅದನ್ನು ಸೇರಿಸಿ ಅಳೆದ ರಾಶಿಯ ಪಕ್ಕದಲ್ಲಿಟ್ಟು ಹೋಲಿಸಲಾಯಿತು. ಇದರಿಂದ ಕಳೆದುಹೋದುದು ಧಾನ್ಯವಲ್ಲ, ನೆರೆಯವರ ನಡುವಿನ ವಿಶ್ವಾಸ.

ಅದೇ ವರದಿಯ ಅದೇ ಕೋಷ್ಟಕದಲ್ಲಿ ಜೈನರ ಸಾಲೂ ಇತ್ತು. 1981ರಲ್ಲಿ ಸುಮಾರು 32 ಲಕ್ಷವಿದ್ದ ಜೈನರು 1991ರಲ್ಲಿ 33.5 ಲಕ್ಷವಾಗಿದ್ದರು. ಹತ್ತು ವರ್ಷಗಳ ಬೆಳವಣಿಗೆ ಶೇಕಡಾ ಐದಕ್ಕೂ ಕಡಿಮೆ. 2001ರಲ್ಲಿ ಆ ಸಂಖ್ಯೆ ಒಮ್ಮೆಲೇ 42,25,053ಕ್ಕೆ ಏರಿತು. ಬೆಳವಣಿಗೆ ಶೇಕಡಾ 26. ಮುಂದೆ 2011ರಲ್ಲಿ ಅದು 44,51,753 ಆಗಿ ಬೆಳವಣಿಗೆ ಮತ್ತೆ ಶೇಕಡಾ 5.4ಕ್ಕೆ ಇಳಿಯಿತು. ಕುಟುಂಬದಲ್ಲಿ ಒಂದೋ ಎರಡೋ ಮಕ್ಕಳಿರುವ ಸಮಾಜದಲ್ಲಿ ಒಂದು ದಶಕ ಮಾತ್ರ ಶೇಕಡಾ 26ರಷ್ಟು ಜನನಗಳಾಗಿ, ಮುಂದಿನ ದಶಕದಲ್ಲಿ ಅವು ನಿಂತುಹೋಗುವುದು ಸಾಧ್ಯವಿಲ್ಲ. ಕೂಸುಗಳು ಹೆಚ್ಚಾಗಲಿಲ್ಲ, ತಮ್ಮನ್ನು ಜೈನರೆಂದು ಬರೆಸಿದವರು ಹೆಚ್ಚಾದರು. ಧರ್ಮದ ಅಂಕಣದಲ್ಲಿ ಗಣತಿದಾರನು ತಾನು ಕಂಡುದನ್ನು ಬರೆಯುವುದಿಲ್ಲ. ಮನೆಯವರು ಹೇಳಿದುದನ್ನು ಬರೆಯುತ್ತಾನೆ. ತಲೆಮಾರುಗಳಿಂದ ಆ ಅಂಕಣದಲ್ಲಿ ‘ಹಿಂದೂ’ ಎಂದೇ ಬರೆಸುತ್ತಿದ್ದ ಎಷ್ಟೋ ಮನೆಗಳವರು ಆ ಸಲ ‘ಜೈನ’ ಎಂದು ಬರೆಸಿದರು ಎಂದು ತಿಳಿದರೆ ಮಾತ್ರ ಈ ಮೂರು ದರಗಳು ಒಂದಕ್ಕೊಂದು ಹೊಂದುತ್ತವೆ.

ಹಾಗೆ ಬರೆಸಿದುದರಲ್ಲಿ ಅಸತ್ಯವೇನೂ ಇಲ್ಲ. ಹಿಂದೆ ಬರೆಸದೆ ಇದ್ದುದೇ ಅಲಕ್ಷ್ಯವೆನ್ನಬಹುದು. ದೋಷ ಹುಟ್ಟುವುದು ಆ ಅಂಕಿಯನ್ನು ಬಳಸುವಾಗ. ಜೈನರ ಸಂಖ್ಯೆ ಕಾಲು ಭಾಗ ಬೆಳೆದಿದೆ ಎಂದು ಹೆಮ್ಮೆಪಡುವುದೂ, ಹತ್ತು ವರ್ಷಗಳ ನಂತರ ಬೆಳವಣಿಗೆ ಶೇಕಡಾ 26ರಿಂದ 5ಕ್ಕೆ ಕುಸಿದಿದೆ, ಸಮಾಜ ನಶಿಸುತ್ತಿದೆ ಎಂದು ಭೀತಿಗೊಳ್ಳುವುದೂ ಒಂದೇ ತಪ್ಪಿನ ಎರಡು ಮುಖಗಳು. ಕಾಶ್ಮೀರದ ವಿಷಯದಲ್ಲಿ ಇನ್ನೊಬ್ಬರು ಮಾಡಿದ ತಪ್ಪನ್ನು ಥಟ್ಟನೆ ಗುರುತಿಸುವ ಬುದ್ಧಿ ತನ್ನ ಸಾಲಿನ ಮುಂದೆ ಮಂಕಾಗಬಾರದು.

ಸಂಖ್ಯಾಶಾಸ್ತ್ರಕ್ಕೂ ಜೈನ ತರ್ಕಕ್ಕೂ ಸಂಬಂಧವನ್ನು ಕಂಡವರು ಹೊರಗಿನವರೇ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ, ಸ್ವತಂತ್ರ ಭಾರತದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ 1950ರಲ್ಲಿ ರೂಪ ಕೊಟ್ಟ ಪ್ರಶಾಂತಚಂದ್ರ ಮಹಲನೋಬಿಸ್ ಅವರು 1954ರಲ್ಲಿ ಸ್ವಿಟ್ಜರ್ಲೆಂಡಿನ ‘ಡಯಲೆಕ್ಟಿಕಾ’ ಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಒಂದು ಪ್ರಬಂಧ ಬರೆದರು. ಸ್ಯಾದ್ವಾದದ ಸಪ್ತಭಂಗಿಯಲ್ಲಿ ಸಂಭವನೀಯತೆಯ ಆಲೋಚನೆಗೆ ಹತ್ತಿರವಾದ ತರ್ಕವಿದೆ ಎಂಬುದು ಅವರ ಮತ. 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರೂ ಸಂಸ್ಥೆಯ ‘ಸಾಂಖ್ಯ’ ಪತ್ರಿಕೆಯಲ್ಲಿ ಸ್ಯಾದ್ವಾದವನ್ನು ಕುರಿತು ಬರೆದರು. ಈ ಪ್ರಬಂಧಗಳನ್ನು ಹೆಸರಿಸಿ ಅಭಿಮಾನಪಡುವುದು ಸುಲಭ. ಅವುಗಳ ಬೇಡಿಕೆ ಏನೆಂದು ಕೇಳುವುದು ಅಷ್ಟು ಸುಲಭವಲ್ಲ. ‘ಸ್ಯಾತ್’ ಎಂದರೆ ‘ಇರಬಹುದು’ ಎಂಬ ಸಂಶಯವಲ್ಲ, ‘ಒಂದು ಅಪೇಕ್ಷೆಯಿಂದ’ ಎಂಬ ನಿಶ್ಚಯ ಎಂದು ಜೈನ ನೈಯಾಯಿಕರು ಒತ್ತಿ ಹೇಳುತ್ತ ಬಂದಿದ್ದಾರೆ. ಆದುದರಿಂದ ಸಂಭವನೀಯತೆಯೊಡನೆ ಮಾಡುವ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಉಚಿತವಲ್ಲ. ಅಪೇಕ್ಷೆಯ ಮಾತು ಮಾತ್ರ ಸರ್ಕಾರಿ ಅಂಕಿಗೆ ಅಕ್ಷರಶಃ ಅನ್ವಯಿಸುತ್ತದೆ. ಯಾವ ದಿನದ ಅಪೇಕ್ಷೆಯಿಂದ, ಯಾವ ಪ್ರದೇಶದ ಅಪೇಕ್ಷೆಯಿಂದ, ಯಾರು ಯಾರನ್ನು ಕೇಳಿ ಪಡೆದ ಉತ್ತರದ ಅಪೇಕ್ಷೆಯಿಂದ ಈ ಸಂಖ್ಯೆ ನಿಜ ಎಂಬುದನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಹೇಳಿದರೆ ಅದು ನಯವಾಗಿ ಉಳಿಯದೆ ದುರ್ನಯವಾಗುತ್ತದೆ.

ಅಪೇಕ್ಷೆಯ ಈ ಮಾತನ್ನು ಅಂಕಿಯಿಂದ ನುಣುಚಿಕೊಳ್ಳಲೂ ಬಳಸಬಹುದು. ಅಪ್ರಿಯವಾದ ಅಂಕಿ ಎದುರಾದಾಗ ‘ಎಲ್ಲ ಅಂಕಿಗಳೂ ಸಾಪೇಕ್ಷ, ಸರ್ಕಾರದ ಲೆಕ್ಕವನ್ನು ಯಾರು ನಂಬುತ್ತಾರೆ’ ಎಂದುಬಿಡುವುದು ಅನೇಕಾಂತವಲ್ಲ. 2001ರ ಅದೇ ವರದಿಯಲ್ಲಿ ಇದ್ದ ಇನ್ನೆರಡು ಅಂಕಿಗಳನ್ನು ನೋಡಿದರೆ ಈ ಮಾತು ಏಕೆ ಬಂತೆಂಬುದು ತಿಳಿಯುತ್ತದೆ.

ಮೊದಲನೆಯದು ಪ್ರಸಿದ್ಧ. ಏಳು ವರ್ಷ ಮತ್ತು ಮೇಲ್ಪಟ್ಟ ಜೈನರಲ್ಲಿ ಶೇಕಡಾ 94.1 ಮಂದಿ ಸಾಕ್ಷರರು, ಸ್ತ್ರೀಯರಲ್ಲಿ ಶೇಕಡಾ 90.6. ದೇಶದ ಆರು ಪ್ರಮುಖ ಧರ್ಮಗಳಲ್ಲಿ ಇದೇ ಅತ್ಯುನ್ನತ. ಆಗ ಇಡೀ ದೇಶದ ಸಾಕ್ಷರತೆ ಶೇಕಡಾ 65ರ ಆಸುಪಾಸಿನಲ್ಲಿತ್ತು. ಈ ಅಂಕಿ ಸಮಾರಂಭಗಳ ಸ್ವಾಗತ ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳ ಮುನ್ನುಡಿಗಳಲ್ಲಿ ಸ್ಥಿರವಾದ ಜಾಗ ಪಡೆದಿದೆ.

ಎರಡನೆಯದು ಏಳು ವರ್ಷ ತುಂಬದ ಮಕ್ಕಳ ಲಿಂಗಾನುಪಾತ. ಜೈನರಲ್ಲಿ ಸಾವಿರ ಬಾಲಕರಿಗೆ 870 ಬಾಲಕಿಯರು. ಇಡೀ ದೇಶದಲ್ಲಿ 927. ಇದಕ್ಕಿಂತ ಕೆಳಗೆ ಇದ್ದುದು ಸಿಖ್ಖರ 786 ಮಾತ್ರ. ಎರಡು ಅಂಕಿಗಳನ್ನೂ ಒಂದೇ ಗಣತಿಯಲ್ಲಿ, ಒಂದೇ ಮನೆಯ ಬಾಗಿಲಲ್ಲಿ ನಿಂತು, ಒಂದೇ ನಮೂನೆಯಲ್ಲಿ ಒಬ್ಬನೇ ಗಣತಿದಾರ ಬರೆದುಕೊಂಡಿದ್ದಾನೆ. ಮೊದಲನೆಯದನ್ನು ಪ್ರಮಾಣವೆಂದು ಸ್ವೀಕರಿಸಿ ಎರಡನೆಯದನ್ನು ಸಂಶಯಾಸ್ಪದವೆಂದು ತಳ್ಳುವುದಕ್ಕೆ ಯಾವ ತಾರ್ಕಿಕ ಆಧಾರವೂ ಇಲ್ಲ. ಹಾಗೆ ಮಾಡುವವರ ಅಂಗಡಿಯಲ್ಲಿ ಕೊಳ್ಳುವ ಸೇರು ಬೇರೆ, ಮಾರುವ ಸೇರು ಬೇರೆ.

870 ಎಂಬುದರ ಅರ್ಥವನ್ನು ಎಚ್ಚರದಿಂದ ಬಿಡಿಸಬೇಕು. ಮನುಷ್ಯನ ಕೈ ಸೋಕದಿದ್ದರೆ ನೂರು ಹೆಣ್ಣುಶಿಶುಗಳಿಗೆ ಸುಮಾರು ನೂರೈದು ಗಂಡುಶಿಶುಗಳು ಹುಟ್ಟುತ್ತವೆ. ಅಂದರೆ ಸಾವಿರ ಗಂಡಿಗೆ 950 ಹೆಣ್ಣು. ಇದು ಪ್ರಕೃತಿಯ ಪ್ರಮಾಣ. 2001ರಲ್ಲಿ ಜೈನರಲ್ಲಿ ಈ ವಯಸ್ಸಿನ ಮಕ್ಕಳು ಶೇಕಡಾ 10.6, ಅಂದರೆ ಸುಮಾರು ನಾಲ್ಕೂವರೆ ಲಕ್ಷ. ಅವರಲ್ಲಿ ಬಾಲಕರು ಹತ್ತಿರ ಹತ್ತಿರ 2 ಲಕ್ಷ 40 ಸಾವಿರ, ಬಾಲಕಿಯರು 2 ಲಕ್ಷ 8 ಸಾವಿರ. 950ರ ಪ್ರಮಾಣವಿದ್ದಿದ್ದರೆ ಬಾಲಕಿಯರು 2 ಲಕ್ಷ 27 ಸಾವಿರಕ್ಕೂ ಮಿಕ್ಕಿ ಇರಬೇಕಿತ್ತು. ಕೊರತೆ ಸುಮಾರು 19 ಸಾವಿರ. ಈ 19 ಸಾವಿರ ಎಣಿಸಿದ ಸಂಖ್ಯೆಯಲ್ಲ, ಊಹಿಸಿದ ಸಂಖ್ಯೆ ಎಂಬುದನ್ನೂ ಜೊತೆಗೇ ಹೇಳಬೇಕು. ಪ್ರಕೃತಿಯ ಪ್ರಮಾಣವನ್ನು 950ರ ಬದಲು 940 ಎಂದು ಹಿಡಿದರೆ ಅದು 17 ಸಾವಿರಕ್ಕೆ ಇಳಿಯುತ್ತದೆ. ಎಣಿಸಿದುದನ್ನು ಎಣಿಸಿದುದೆಂದೂ ಊಹಿಸಿದುದನ್ನು ಊಹಿಸಿದುದೆಂದೂ ಹೇಳಿದ ಮೇಲೆ ಕೂಡ ಉಳಿಯುವ ಸಂಖ್ಯೆ ಸಾವಿರಗಳಲ್ಲಿದೆ.

ಇದಕ್ಕೆ ಬರುವ ಸಮಾಧಾನಗಳು ಹಲವು. ಅವುಗಳಲ್ಲಿ ಬಹಳ ಜನಪ್ರಿಯವಾದುದು, ‘ಜೈನರಲ್ಲಿ ಕುಟುಂಬಗಳು ಚಿಕ್ಕವು, ಗಂಡುಮಗು ಹುಟ್ಟಿದೊಡನೆ ಸಾಕು ಎನ್ನುತ್ತಾರೆ, ಆದುದರಿಂದ ಗಂಡುಮಕ್ಕಳು ಹೆಚ್ಚು ಕಾಣುತ್ತಾರೆ’ ಎಂಬುದು. ಕೇಳಲು ಸರಿಯೆನಿಸುವ ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ಸಾವಿರ ದಂಪತಿಗಳಿಗೆ ಮೊದಲ ಮಗು ಹುಟ್ಟಿತೆನ್ನೋಣ. 512 ಗಂಡು, 488 ಹೆಣ್ಣು. ಗಂಡುಮಗುವಾದವರು ಅಲ್ಲಿಗೇ ನಿಲ್ಲಿಸಿದರು. ಹೆಣ್ಣುಮಗುವಾದ 488 ಮಂದಿ ಮಾತ್ರ ಎರಡನೆಯ ಮಗುವನ್ನು ಪಡೆದರು. ಅವರಲ್ಲಿ ಮತ್ತೆ ಅದೇ ಪ್ರಮಾಣದಂತೆ 250 ಗಂಡು, 238 ಹೆಣ್ಣು. ಒಟ್ಟು ಗಂಡು 762, ಹೆಣ್ಣು 726. ಸಾವಿರ ಗಂಡಿಗೆ ಹೆಣ್ಣು 953. ಪ್ರಕೃತಿಯ ಪ್ರಮಾಣ ಕೂದಲೆಳೆಯಷ್ಟೂ ಅಲುಗಲಿಲ್ಲ! ಎಲ್ಲಿ ನಿಲ್ಲಿಸಿದರೂ ಹುಟ್ಟುವ ಪ್ರತಿಯೊಂದು ಮಗುವೂ ಹೊಸದಾಗಿ ಪ್ರಕೃತಿಯ ತಕ್ಕಡಿಯಲ್ಲಿ ತೂಗಲ್ಪಡುತ್ತದೆ. ‘ಸಾಕು’ ಎಂದು ನಿಲ್ಲಿಸುವುದರಿಂದ ಒಂದೊಂದು ಮನೆಯ ಚಿತ್ರ ಬದಲಾಗಬಹುದು, ಸಮುದಾಯದ ಅನುಪಾತ ಬದಲಾಗದು. ಅದು ಬದಲಾಗಬೇಕಾದರೆ ಹುಟ್ಟಿದ ಹೆಣ್ಣುಮಕ್ಕಳು ಹೆಚ್ಚಾಗಿ ಸಾಯಬೇಕು, ಇಲ್ಲವೆ ಹುಟ್ಟುವ ಮೊದಲೇ ಆಯ್ಕೆ ನಡೆಯಬೇಕು. ಸ್ಥಿತಿವಂತವೂ ಸುಶಿಕ್ಷಿತವೂ ಆದ, ವೈದ್ಯರು ಸುಲಭವಾಗಿ ದೊರಕುವ ಸಮಾಜದಲ್ಲಿ ಮೊದಲನೆಯ ಕಾರಣ ಹೊಂದುವುದಿಲ್ಲ. ಉಳಿಯುವುದು ಎರಡನೆಯದು.

‘ಇದು ಉತ್ತರದವರ ಲೆಕ್ಕ, ಕರ್ನಾಟಕದ್ದಲ್ಲ’ ಎಂಬುದು ಇನ್ನೊಂದು ಸಮಾಧಾನ. ಅಖಿಲ ಭಾರತದ ಸರಾಸರಿಯಲ್ಲಿ ರಾಜಸ್ಥಾನ, ಗುಜರಾತಿನ ವ್ಯಾಪಾರಿ ಮನೆತನಗಳೂ ಬೆಳಗಾವಿ ಸೀಮೆಯ ಬೇಸಾಯಗಾರರೂ ತುಳುನಾಡಿನ ಮನೆತನಗಳೂ ಒಂದಾಗಿ ಸೇರಿಹೋಗಿರುವುದು ನಿಜ. 2011ರಲ್ಲಿ ಕರ್ನಾಟಕದ ಜೈನರು 4,40,280, ದೇಶದ ಜೈನರಲ್ಲಿ ಹತ್ತನೆಯ ಒಂದು ಪಾಲು. ಸರಾಸರಿಯನ್ನು ಪ್ರತಿಯೊಂದು ಭಾಗದ ಮೇಲೂ ಹೇರುವುದು ತಪ್ಪು. ಗಣತಿಯಲ್ಲಿ ರಾಜ್ಯವಾರು ಕೋಷ್ಟಕಗಳಿವೆ. ಹಾಗೆ ವಾದಿಸುವವರು ಅವನ್ನು ತೆರೆದು ತೋರಿಸಲಿ. ಅಲ್ಲದೆ ಅಖಿಲ ಭಾರತದ 94.1ನ್ನು ಕರ್ನಾಟಕದ ವೇದಿಕೆಯಿಂದ ಹೇಳುವಾಗ ‘ಇದು ಉತ್ತರದವರ ಸಾಕ್ಷರತೆ’ ಎಂದು ಯಾರೂ ತಿದ್ದಿದಂತಿಲ್ಲ.

ಮೂರನೆಯ ಸಮಾಧಾನವೇ ಗಂಭೀರವಾದುದು, ಏಕೆಂದರೆ ಅದು ಸಿದ್ಧಾಂತದಿಂದಲೇ ಹುಟ್ಟುತ್ತದೆ. ಕರ್ಮ ಪ್ರತಿಯೊಂದು ಜೀವಕ್ಕೂ ಬೇರೆ ಬೇರೆ. ಒಬ್ಬನ ಆಸ್ರವ ಇನ್ನೊಬ್ಬನಿಗೆ ತಗಲುವುದಿಲ್ಲ. ಹೀಗಿರುವಾಗ ಸಮುದಾಯದ ಅಂಕಿಗೆ ವ್ಯಕ್ತಿಯ ಮುಂದೆ ಯಾವ ನೈತಿಕ ಬಲವಿದೆ? ತನ್ನ ಮನೆಯಲ್ಲಿ ಮೂವರು ಹೆಣ್ಣುಮಕ್ಕಳನ್ನು ಸಾಕಿ ಬೆಳೆಸಿದ ಗೃಹಸ್ಥನು 870ಕ್ಕೆ ಏಕೆ ತಲೆಬಾಗಬೇಕು?

ಅವನು ತಲೆಬಾಗಬೇಕಾಗಿಲ್ಲ ಎಂಬುದೇ ನೇರ ಉತ್ತರ. ಕೋಷ್ಟಕವು ಯಾರ ಮೇಲೂ ಆರೋಪ ಹೊರಿಸುವುದಿಲ್ಲ, ಹೊರಿಸಲೂ ಆರದು. 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣದ ಪ್ರಕಾರ ಗಣತಿದಾರ ಬರೆದುಕೊಂಡುದನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಆ ಕಾಯಿದೆಯದೇ ಅಪರಾಧಗಳ ವಿಚಾರಣೆಯ ಹೊರತು ಬೇರೆ ಯಾವ ವ್ಯಾಜ್ಯದಲ್ಲಿಯೂ ಅದು ಸಾಕ್ಷ್ಯವಾಗಿ ಸಲ್ಲುವುದಿಲ್ಲ. ಇದೊಂದು ವಿಚಿತ್ರವಾದ ಸಾಕ್ಷಿ: ಬಿಡಿಬಿಡಿಯಾಗಿ ಮೂಕ, ಒಟ್ಟಾಗಿ ವಾಚಾಳಿ. ಜನರು ಭಯವಿಲ್ಲದೆ ನಿಜ ಹೇಳಲೆಂದೇ ಕಾನೂನು ಹೀಗೆ ಮಾಡಿದೆ. ಹಾಗಾಗಿ ಈ ಸಾಕ್ಷಿಯನ್ನು ಹಿಡಿದು ಒಂದು ಮನೆಯ ಕಡೆ ಬೆರಳು ಮಾಡುವುದು ಅಧರ್ಮ. ಒಂದು ಇಡೀ ಸಮುದಾಯವನ್ನು ‘ಇರುವೆಗೆ ಸಕ್ಕರೆ ಇಟ್ಟು ಮಗಳನ್ನು ಕೊಲ್ಲುವವರು’ ಎಂದು ಹಂಗಿಸುವುದೂ ಅಧರ್ಮವೇ.

ಆದರೆ ತಪ್ಪು ಯಾರದೆಂದು ಹೇಳದ ಅಂಕಿಯೂ ಅಜ್ಞಾನವನ್ನು ಕಳೆಯುತ್ತದೆ. ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಮೊದಲ ಸ್ಥಾನವಿದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಮೂರನೆಯದು ಮೌನದ ರೂಪವನ್ನೂ ತಾಳಬಲ್ಲದು. 2004ರ ಮೊದಲು ಒಬ್ಬ ಶ್ರಾವಕನು ‘ಇಂಥದ್ದು ಅಲ್ಲೊಂದು ಇಲ್ಲೊಂದು ನಡೆದಿರಬಹುದು’ ಎಂದು ಪ್ರಾಮಾಣಿಕವಾಗಿ ಭಾವಿಸಿದ್ದರೆ ಅದನ್ನು ಅಜ್ಞಾನ ಎನ್ನಬಹುದಿತ್ತು. ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ಆಗಿತ್ತು. 2003ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಕೋಷ್ಟಕ ಹೊರಬಂದ ಮೇಲೆ ಅದೇ ಭಾವನೆಗೆ ಪ್ರಮಾದವೆಂದೇ ಹೆಸರು.

ಸಂಸ್ಥೆಗಳ ವಿಷಯವಂತೂ ಬೇರೆಯೇ. ಬಸದಿಯ ಟ್ರಸ್ಟಾಗಲಿ, ಸಮಾಜದ ಸಭೆಯಾಗಲಿ, ವಿದ್ಯಾಸಂಸ್ಥೆಯಾಗಲಿ ವ್ಯಕ್ತಿಯಂತೆ ‘ನನ್ನ ಕರ್ಮ ನನಗೆ’ ಎನ್ನುವಂತಿಲ್ಲ, ಏಕೆಂದರೆ ಅವು ಅಂಕಿಯನ್ನು ಸಮುದಾಯದ ಹೆಸರಿನಲ್ಲಿಯೇ ಬಳಸುತ್ತವೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಿತು. ಅದಕ್ಕಾಗಿ ವರ್ಷಗಳ ಕಾಲ ಸಲ್ಲಿಸಿದ ಮನವಿಗಳ ಆಧಾರ, ದೇಶದ ಜನಸಂಖ್ಯೆಯಲ್ಲಿ ಜೈನರು ಶೇಕಡಾ 0.4ರಷ್ಟು ಮಾತ್ರ ಎಂಬ ಗಣತಿಯ ಅಂಕಿ. ವಿದ್ಯಾರ್ಥಿವೇತನಕ್ಕೆ, ಸಂಸ್ಥೆಗಳ ಮಾನ್ಯತೆಗೆ ಅದೇ ಆಧಾರ. ಇದು ನ್ಯಾಯವಾದ ಬಳಕೆಯೇ. ಆದರೆ ಗಣತಿಯ ಒಂದು ಸಾಲನ್ನು ಸಮುದಾಯದ ಹಕ್ಕೆಂದು ಸರ್ಕಾರದ ಮುಂದೆ ಇಟ್ಟವರು ಇನ್ನೊಂದು ಸಾಲು ವ್ಯಕ್ತಿಗಳ ಖಾಸಗಿ ವಿಷಯವೆಂದು ಹೇಳಲಾಗದು.

ಹತ್ತು ವರ್ಷಗಳ ನಂತರದ ಲೆಕ್ಕವನ್ನೂ ಹೇಳದಿದ್ದರೆ ಈ ಚರ್ಚೆಯೇ ಅಪೂರ್ಣ ಅಳತೆಯದಾಗುತ್ತದೆ. 2011ರಲ್ಲಿ ಇಡೀ ದೇಶದ ಅನುಪಾತ 927ರಿಂದ 919ಕ್ಕೆ ಇಳಿದಾಗ ಜೈನರದು 870ರಿಂದ 889ಕ್ಕೆ ಏರಿತು. ಪ್ರವಾಹಕ್ಕೆ ಎದುರಾದ ಈ ಏರಿಕೆ ಅಲ್ಪವಲ್ಲ. ಅದಕ್ಕಾಗಿ ಮನೆಗಳಲ್ಲಿ ಯಾರು ಯಾರನ್ನು ಎದುರಿಸಿ ಮಾತನಾಡಿದರೋ ಅವರ ಹೆಸರು ಯಾವ ಕೋಷ್ಟಕದಲ್ಲಿಯೂ ಬರುವುದಿಲ್ಲ. ಸಮಾಜದ ಟೀಕಾಕಾರರು ಈ ಏರಿಕೆಯನ್ನು ಹೇಳದೆ 870ನ್ನು ಮಾತ್ರ ಇಂದಿಗೂ ಹೇಳುತ್ತಿದ್ದರೆ ಅವರ ಸೇರೂ ಚಿಕ್ಕದೇ. ಹಾಗೆಯೇ, ಏರಿಕೆಯಾದ ನಂತರವೂ ಅದು ದೇಶದ ಸರಾಸರಿಗಿಂತ 30ರಷ್ಟು ಕೆಳಗೇ ಇತ್ತು.

ಗಣತಿಯನ್ನೂ ಮಾದರಿ ಸಮೀಕ್ಷೆಯನ್ನೂ ಒಂದೇ ಎಂದು ಬಗೆಯುವುದರಿಂದಲೂ ಅನರ್ಥಗಳಾಗುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ಸುತ್ತಿನಲ್ಲಿ ಜೈನ ಸ್ತ್ರೀಯರ ಒಟ್ಟು ಫಲವತ್ತತೆಯ ದರ 1.2 ಎಂದು ಬಂದಿತು. ‘ಹೀಗೇ ಆದರೆ ಸಮಾಜ ಉಳಿಯದು’ ಎಂದು ಆ ಅಂಕಿಯನ್ನು ಹಿಡಿದು ಎಚ್ಚರಿಸಿದವರುಂಟು. 2019-21ರ ಸುತ್ತಿನಲ್ಲಿ ಅದೇ ದರ 1.6 ಎಂದು ಬಂದಿತು. ನಾಲ್ಕೈದು ವರ್ಷಗಳಲ್ಲಿ ಮೂರನೆಯ ಒಂದು ಪಾಲು ಏರಿಕೆ! ಇಡೀ ದೇಶದ ದರ ಅದೇ ಅವಧಿಯಲ್ಲಿ 2.2ರಿಂದ 2.0ಕ್ಕೆ ಇಳಿದಿತ್ತು. ಲಕ್ಷಾಂತರ ಮನೆಗಳ ಸಮೀಕ್ಷೆಯಾದರೂ ಅದರಲ್ಲಿ ಶೇಕಡಾ 0.4ರಷ್ಟಿರುವ ಸಮುದಾಯದ ಪಾಲಿಗೆ ಬರುವ ಮನೆಗಳು ಅತ್ಯಲ್ಪ. ಆದುದರಿಂದ ದಶಮಾಂಶದ ಈ ಏರಿಳಿತಗಳಲ್ಲಿ ಎಷ್ಟು ನಿಜ, ಎಷ್ಟು ಮಾದರಿಯ ಅಲುಗಾಟ ಎಂದು ಬೇರ್ಪಡಿಸಲಾಗದು. ಎರಡು ಅಂಕಿಗಳಿಂದಲೂ ಖಚಿತವಾಗಿ ಹೇಳಬಹುದಾದುದು ಇಷ್ಟೇ: ದರ ಎರಡಕ್ಕಿಂತ ಕಡಿಮೆ ಇದೆ. ಈ ಮಿತಿಯನ್ನು ಅರಿಯದೆ ನವದಂಪತಿಗಳಿಗೆ ಹೆಚ್ಚು ಮಕ್ಕಳನ್ನು ಪಡೆಯಿರೆಂದು ಉಪದೇಶಿಸುವುದು, ತೂಗುಯ್ಯಾಲೆಯಲ್ಲಿ ನಿಂತು ತಕ್ಕಡಿ ಹಿಡಿದಂತೆ.

2021ರಲ್ಲಿ ನಡೆಯಬೇಕಿದ್ದ ಗಣತಿ ಮಹಾಮಾರಿಯ ಕಾರಣದಿಂದ ಮುಂದೂಡಲ್ಪಟ್ಟಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಮುಂದಿನ ಗಣತಿಯ ಆಧಾರದಿನ, ಹಿಮಪ್ರದೇಶಗಳನ್ನು ಬಿಟ್ಟು, 2027ರ ಮಾರ್ಚ್ 1. ಹದಿನಾರು ವರ್ಷಗಳ ಅಂತರ. ಅಲ್ಲಿಯವರೆಗೆ 889 ಎಂಬುದು 2011ರ ಅಂಕಿಯೇ ಹೊರತು ಇಂದಿನದಲ್ಲ. ಭಾಷಣಗಳಲ್ಲಿ ಅದನ್ನು ವರ್ಷವಿಲ್ಲದೆ ಹೇಳಬಾರದು.

2001ರಲ್ಲಿ ಎಣಿಕೆಯಾದ ಆ ನಾಲ್ಕೂವರೆ ಲಕ್ಷ ಮಕ್ಕಳು 1994ರಿಂದ 2001ರ ನಡುವೆ ಹುಟ್ಟಿದವರು. ಅವರು ಈಗ ವಿವಾಹದ ವಯಸ್ಸಿನವರು. ಟ್ರಸ್ಟುಗಳು ನಡೆಸುವ ವಧೂವರರ ಸಮಾವೇಶಗಳಲ್ಲಿ ವರಗಳ ಪಟ್ಟಿ ಉದ್ದವಾಗಿ ವಧುಗಳ ಪಟ್ಟಿ ಮೊಟಕಾಗಿ ಕಂಡರೆ, ಹಿರಿಯರು ಇಂದಿನ ಹುಡುಗಿಯರ ವಿದ್ಯೆಯನ್ನೂ ಆಯ್ಕೆಯ ಬಿಗಿಯನ್ನೂ ದೂರುವುದುಂಟು. ಪ್ರತಿ ಸಾವಿರ ವರರ ಎದುರಿಗೆ 130 ಆಸನಗಳು ಮೊದಲೇ ಖಾಲಿಯಿದ್ದುವೆಂಬುದು 2004ರಲ್ಲಿಯೇ ಅಚ್ಚಾಗಿತ್ತು. ಬರಲಿರುವ ಗಣತಿಯಲ್ಲಿ ಮನೆಯವರೇ ತಮ್ಮ ವಿವರಗಳನ್ನು ತುಂಬುವ ಅವಕಾಶವೂ ಇದೆ. ಧರ್ಮದ ಅಂಕಣದಲ್ಲಿ ‘ಜೈನ’ ಎಂದು ತಪ್ಪದೆ ಬರೆಸಿ ಎಂಬ ಕರೆಪತ್ರಗಳು ಎಂದಿನಂತೆ ಬಸದಿಗಳ ಸೂಚನಾ ಫಲಕಗಳಿಗೆ ಬರುತ್ತವೆ, ಬರಲಿ. ಅದೇ ನಮೂನೆಯಲ್ಲಿ ಪ್ರತಿಯೊಬ್ಬ ಸದಸ್ಯನ ಲಿಂಗ ಮತ್ತು ವಯಸ್ಸಿನ ಅಂಕಣಗಳೂ ಇರುತ್ತವೆ. ಅದರ ಫಲಿತಾಂಶ ಪ್ರಕಟವಾದ ವರ್ಷದ ಸ್ಮರಣ ಸಂಚಿಕೆಗಳಲ್ಲಿ ಸಾಕ್ಷರತೆಯ ಅಂಕಿ ಅಚ್ಚಾಗುವ ಪುಟದಲ್ಲಿಯೇ ಮಕ್ಕಳ ಅಂಕಿಯನ್ನೂ ಅಚ್ಚು ಮಾಡಲು ಸಂಪಾದಕ ಮಂಡಲಿಗಳಿಗೆ ಒಂದು ಸಾಲಿನಷ್ಟು ಜಾಗ ಸಾಕು.